ಕ್ಯಾಲ್ಕುಲೇಟರ್ ಕೆಟ್ಟಿಲ್ಲ, ಆವರಣ ಬಿಟ್ಟಿದೆ

ಮಾನ್ಯ ಸಂಪಾದಕರೇ,

ನಕ್ಷೆಯನ್ನೂ ಬಿಡಿಸುವ ಗ್ರಾಫಿಂಗ್ ಕ್ಯಾಲ್ಕುಲೇಟರ್‌ನಲ್ಲಿ −3² ಒತ್ತಿದಾಗ −9 ಬಂದರೆ ಯಂತ್ರವನ್ನು ದೂರುವ ವಿದ್ಯಾರ್ಥಿಗಳೇ ಹೆಚ್ಚು. ವರ್ಗ ಮೊದಲು, ಋಣಚಿಹ್ನೆ ಆಮೇಲೆ. 9 ಬೇಕಿದ್ದರೆ (−3)² ಎಂದೇ ಕೊಡಬೇಕು.

ಟಿಐ-84 ಎಂಬ ಗ್ರಾಫಿಂಗ್ ಕ್ಯಾಲ್ಕುಲೇಟರ್ ಮಾದರಿಯಲ್ಲಿ ಋಣಚಿಹ್ನೆಗೂ ಕಳೆಯುವುದಕ್ಕೂ ಬೇರೆ ಬೇರೆ ಕೀಲಿಗಳಿವೆ. 5×−3 ಬರೆಯುವಾಗ ಕಳೆಯುವ ಕೀಲಿ ಒತ್ತಿದರೆ ಸಿಂಟ್ಯಾಕ್ಸ್ ದೋಷ (ಬರೆದ ಕ್ರಮ ತಪ್ಪೆಂಬ ಸೂಚನೆ) ಬರುತ್ತದೆ. ಸಾಲಿನ ಮೊದಲಿಗೇ ಒತ್ತಿದರೆ ಇನ್ನೂ ಅಪಾಯ: ದೋಷ ತೋರಿಸದೆ, ಹಿಂದಿನ ಉತ್ತರದಿಂದ ಕಳೆದುಬಿಡುತ್ತದೆ.

ಭಾಗಾಕಾರದಲ್ಲಿ ಅಂಶ, ಛೇದ ಎರಡಕ್ಕೂ ಆವರಣ ಹಾಕಿ. (6+4)÷2 ಎಂದರೆ 5, ಆವರಣ ಬಿಟ್ಟರೆ 8. 6÷2(1+2) ಎಂಬುದಕ್ಕಂತೂ ಟಿಐ-84 ಕೊಡುವ ಉತ್ತರ 9, ಕೆಲವು ಕ್ಯಾಸಿಯೊ ಮಾದರಿಗಳದ್ದು 1. ಗುಣಾಕಾರ ಚಿಹ್ನೆ ಇಲ್ಲದ ಗುಣಾಕಾರಕ್ಕೆ ಅವು ಮೊದಲ ಸರದಿ ಕೊಡುತ್ತವೆ. ಇಂಥ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಕೇಳುವುದೇ ಸರಿಯಲ್ಲ.

ಇನ್ನು ಕೋನದ ಮೋಡ್. ಸೈನ್ 30ಕ್ಕೆ 0.5 ಬದಲು −0.988 ಬಂದರೆ ಯಂತ್ರ ಡಿಗ್ರಿಯಲ್ಲಿಲ್ಲ, ಕೋನದ ಇನ್ನೊಂದು ಮಾನವಾದ ರೇಡಿಯನ್‌ನಲ್ಲಿದೆ. ಡಿಗ್ರಿಯಲ್ಲಿಟ್ಟು ಎರಡೂ ಅಕ್ಷಗಳಿಗೆ −10ರಿಂದ 10ರ ವಿಂಡೋ (ಪರದೆಯಲ್ಲಿ ಕಾಣುವ ವ್ಯಾಪ್ತಿ) ಕೊಟ್ಟರೆ ಸೈನ್ ಅಲೆ ಕಾಣದು, ಅಕ್ಷಕ್ಕೇ ಅಂಟಿಕೊಂಡ ಗೆರೆಯಷ್ಟೇ ಕಾಣುತ್ತದೆ. ಅಡ್ಡ ಅಕ್ಷಕ್ಕೆ −360ರಿಂದ 360, ಲಂಬ ಅಕ್ಷಕ್ಕೆ −2ರಿಂದ 2 ಕೊಟ್ಟು ನೋಡಿ.

— ಗಣಿತ ಅಧ್ಯಾಪಕರ ಪರವಾಗಿ