ಓರಲ್ಸ್ ಪಾಸಾಯಿತು, ಇನ್ನು ಥ್ಯಾಂಕ್ಸ್ ಹೇಳುವ ಕೆಲಸ

ಓರಲ್ಸ್, ಅಂದರೆ ಮೌಖಿಕ ಪರೀಕ್ಷೆ, ಪಾಸಾಯಿತು. ಹಡಗಿನಲ್ಲಿ ಪಾಳಿಯ ಹೊಣೆ ಹೊರುವ ಆಫೀಸರ್ ಆಫ್ ದ ವಾಚ್ ಸರ್ಟಿಫಿಕೇಟ್ ಇನ್ನೇನು ಕೈಗೆ ಬರುತ್ತದೆ. ವಾಟ್ಸಾಪ್‌ನಲ್ಲಿ ಒಬ್ಬೊಬ್ಬರಿಗೆ ಬರೆಯುತ್ತಾ ಕೂತರೆ ಯಾರನ್ನಾದರೂ ಬಿಟ್ಟೇ ಬಿಡುತ್ತೇನೆ. ಅದಕ್ಕೇ ಎಲ್ಲರಿಗೂ ಸೇರಿ ಇಲ್ಲೇ ಬರೆಯುತ್ತಿದ್ದೇನೆ.

ಮೊದಲು ಮಲ್ಪೆಯ ನೆಂಟರಿಗೆ. "ಯಾವ ಯೂನಿವರ್ಸಿಟಿ ಮಾರಾಯ?" ಎಂದು ಕೇಳಿ ಕೇಳಿ ನಿಮಗೂ ಸಾಕಾಗಿದೆ. ನಾನು ಓದಿದ್ದು ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಆಂಡ್ ದ ಫೈಲ್ಡ್ ಕಾಲೇಜಿನಲ್ಲಿ. ನಮ್ಮಲ್ಲಿ ಐಟಿಐ, ಪಾಲಿಟೆಕ್ನಿಕ್, ಡಿಗ್ರಿ ಎಲ್ಲದಕ್ಕೂ ಬೇರೆ ಬೇರೆ ಕಾಂಪೌಂಡ್ ಅಲ್ವಾ? ಅಲ್ಲಿ ಗಾರೆ ಕೆಲಸ ಕಲಿಯುವ ಹುಡುಗನದೂ ಲ್ಯಾಂಕಾಸ್ಟರ್ ಯೂನಿವರ್ಸಿಟಿಯ ಡಿಗ್ರಿ ಓದುವವಳದೂ ಒಂದೇ ಕಾಲೇಜು. ಹಡಗಿನ ವಿಭಾಗ ಮಾತ್ರ ಪಕ್ಕದ ಫ್ಲೀಟ್‌ವುಡ್‌ನಲ್ಲಿದೆ, ಬ್ಲ್ಯಾಕ್‌ಪೂಲ್ ಟ್ರಾಮ್ ಹೋಗಿ ಮುಗಿಯುವ ಊರು. ಅಲ್ಲಿ ಮನೆಗಳ ಮಧ್ಯೆ, ರಸ್ತೆಯಲ್ಲೇ ಒಂದು ಲೈಟ್‌ಹೌಸ್ ನಿಂತಿದೆ. ಕಡಲ ಬದಿಗೆ ಇನ್ನೊಂದು, ಗಿಡ್ಡದ್ದು. ಎರಡೂ 1840ರವು. ಎರಡು ದೀಪ ಒಂದರ ಮೇಲೊಂದು ನೇರ ಕಂಡರೆ ಹಡಗು ಸರಿಯಾದ ದಾರಿಯಲ್ಲಿದೆ ಎಂದರ್ಥ. ಪುಸ್ತಕದಲ್ಲಿ ತಲೆಗೆ ಹೋಗದ್ದು ಬ್ರೆಡ್ ತರಲು ಹೋದಾಗ ಹೋಯಿತು.

ಬಂಗಾರ ಬ್ಯಾಂಕಿನಲ್ಲಿಟ್ಟ ಚಿಕ್ಕಮ್ಮ, ನನ್ನ ಇಂಗ್ಲಿಷ್ ತಿದ್ದಿದ ಮೇಷ್ಟ್ರುಗಳು, ರಾತ್ರಿ ರೂಲ್ ಆಫ್ ದ ರೋಡ್ (ಹಡಗುಗಳು ಡಿಕ್ಕಿಯಾಗದಂತೆ ಇರುವ ಕಡಲ ನಿಯಮಗಳು) ಉರು ಹೊಡೆಸಿದ ಬ್ಯಾಚ್‌ಮೇಟ್‌ಗಳು, ವಡಭಾಂಡೇಶ್ವರನಿಗೆ ನನ್ನ ಹೆಸರಲ್ಲಿ ಹರಕೆ ಹೊತ್ತ ಎಲ್ಲರೂ, ನಿಮ್ಮ ಋಣ ದೊಡ್ಡದು.

ಇನ್ನೊಬ್ಬರಿದ್ದಾರೆ. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ನಮ್ಮ ಹಾಸ್ಟೆಲ್‌ನ ರಾತ್ರಿ ಪಾಳಿಯ ವಾರ್ಡನ್. ಹುಡುಗನಾಗಿದ್ದಾಗಲೇ ಫ್ಲೀಟ್‌ವುಡ್‌ನಿಂದ ಐಸ್‌ಲ್ಯಾಂಡ್ ಕಡೆಗೆ ಮೀನಿಗೆ ಹೋಗುತ್ತಿದ್ದವರು. 1976ರಲ್ಲಿ ಐಸ್‌ಲ್ಯಾಂಡ್ ತನ್ನ 200 ಮೈಲಿ ಕಡಲನ್ನು ಗಟ್ಟಿ ಮಾಡಿಕೊಂಡ ಮೇಲೆ ಆ ಊರಿನ ದೊಡ್ಡ ಟ್ರಾಲರ್‌ಗಳು ಒಂದೊಂದಾಗಿ ಹೋದವು, ಇವರ ಕೆಲಸವೂ ಹೋಯಿತು.

ಅಪ್ಪನ ಬೋಟ್ ಸಂಪರ್ಕಕ್ಕೆ ಸಿಗದ ರಾತ್ರಿಯ ಕಥೆ ನಿಮಗೆ ಗೊತ್ತಿದೆ. ದಕ್ಕೆಯಲ್ಲಿ ನೀವೆಲ್ಲ ನಿಂತಿದ್ದಿರಿ. ನಾನು ಹಾಸ್ಟೆಲ್ ಅಡುಗೆಮನೆಯಲ್ಲಿ ಫೋನ್ ಹಿಡಿದು ಕೂತಿದ್ದೆ. ಫೋನ್ ಮಾಡಿದವರೆಲ್ಲ "ಏನೂ ಆಗಲ್ಲ, ಧೈರ್ಯವಾಗಿರು" ಎನ್ನುತ್ತಿದ್ದರು. ತಪ್ಪು ತಿಳಿಯಬೇಡಿ, ಪ್ರತಿ ಸಲ ಕೇಳಿದಾಗಲೂ ಭಯ ಜಾಸ್ತಿಯೇ ಆಗುತ್ತಿತ್ತು.

ವಾರ್ಡನ್ ಒಳಗೆ ಬಂದು ಕುರ್ಚಿ ಎಳೆದು ಕೂತರು. ಬೋಟ್ ಎಷ್ಟು ಉದ್ದ? ಎಷ್ಟು ಜನ? ಐಸ್ ಎಷ್ಟು ದಿನಕ್ಕೆ? ಬೋಟ್ ನಡೆಸುವ ತಾಂಡೇಲ ನಿನ್ನ ಅಪ್ಪನೇನಾ? ಕೊನೆಯ ಸಲ ಮಾತಾಡಿದ್ದು ಎಲ್ಲಿಂದ? ಹೊನ್ನಾವರದ ಆಚೆ, ಎಂದೆ. ನನ್ನ ಕೈಯಲ್ಲೇ ಪ್ಲಾಟಿಂಗ್ ಶೀಟ್ ತರಿಸಿ, ಅದರ ಹಿಂಬದಿಯಲ್ಲಿ ಕರಾವಳಿ ಬರೆಸಿದರು. ನೇತ್ರಾಣಿ ದ್ವೀಪದ ಗುರುತು ಹಾಕಿಸಿದರು. ಇಂಜಿನ್ ನಿಂತಿದೆ ಎಂದೇ ಇಟ್ಟುಕೋ, ಗಾಳಿ ಇಷ್ಟು, ಬೋಟ್ ಎತ್ತ ತೇಲುತ್ತದೆ? ಪೆನ್ಸಿಲ್ ನನ್ನ ಕೈಯಲ್ಲೇ ಇತ್ತು. ಗೆರೆ ವಕ್ರ ಬಂದರೆ ಅಳಿಸಿ ಮತ್ತೆ ಹಾಕಿಸಿದರು. ಬೆಳಗಿನವರೆಗೂ ಬೋಟ್ ಬಂಡೆಗೆ ಹೋಗಿ ಬಡಿಯುವುದಿಲ್ಲ ಎಂಬುದಷ್ಟೇ ಆ ಲೆಕ್ಕದಲ್ಲಿ ಸಿಕ್ಕ ಉತ್ತರ. ನನಗೆ ಅಷ್ಟು ಸಾಕಾಯಿತು.

ನಡುವೆ ಒಮ್ಮೆ ನಾನು ತೀರಾ ಕುಸಿದೆ. ಅಪ್ಪನೇ ಇಲ್ಲದ ಮೇಲೆ ಈ ಸರ್ಟಿಫಿಕೇಟ್ ಯಾರಿಗೆ ತೋರಿಸಲಿ, ಎಲ್ಲ ಬಿಟ್ಟು ಊರಿಗೆ ಹೋಗ್ತೇನೆ ಎಂದು ಕನ್ನಡದಲ್ಲೇ ಕೂಗಾಡಿದೆ. ಅವರಿಗೆ ಒಂದಕ್ಷರ ತಿಳಿಯಲಿಲ್ಲ. ಏನು ಹೇಳಿದೆ ಎಂದೂ ಕೇಳಲಿಲ್ಲ. ಎದ್ದು ಕೆಟಲ್ ಆನ್ ಮಾಡಿದರು. ಸಕ್ಕರೆ ಹಾಕಿದ ಆ ಚಹಾ, ದೇವರಾಣೆ, ಕೆಟ್ಟದಾಗಿತ್ತು. ಬೆಳಗ್ಗೆ ಪಾಳಿ ಮುಗಿದರೂ ಕೋಟು ಹಾಕಿಕೊಂಡೇ ಕೂತಿದ್ದರು, ಕಾರವಾರದಿಂದ ಫೋನ್ ಬರುವವರೆಗೆ.

ಓರಲ್ಸ್‌ನಲ್ಲಿ ಎಕ್ಸಾಮಿನರ್ ಎರಡು ಕೆಂಪು ದೀಪ ತೋರಿಸಿದರು, ಒಂದರ ಮೇಲೊಂದು. ಹಿಡಿತ ತಪ್ಪಿದ ಹಡಗು. ಏನು ಮಾಡುತ್ತೀ? ದೂರ ಸರಿದು ಹೋಗುತ್ತೇನೆ ಎಂದೆ. ಆಮೇಲೆ ಅವರು ಕೇಳುವ ಮೊದಲೇ, ರೇಡಿಯೋದಲ್ಲಿ ಕರೆದು ಸಹಾಯ ಬೇಕಾ ಎಂದು ವಿಚಾರಿಸುತ್ತೇನೆ ಎಂದೂ ಸೇರಿಸಿದೆ. ಈ ಮಾತು ವಾರ್ಡನ್‌ಗೆ ಹೇಳಿದಾಗ "ಮೊದಲು ರೇಡಿಯೋ ಕೆಲಸ ಮಾಡುತ್ತದಾ ನೋಡು" ಎಂದರು. ಅವರು ಹಾಗೇ.

ಅಮ್ಮ ಅವರಿಗಾಗಿ ಸಿಗಡಿ ಚಟ್ನಿಪುಡಿ ಕಳಿಸಿದ್ದಾಳೆ. ಖಾರ ಕಮ್ಮಿ ಹಾಕು ಎಂದಿದ್ದೆ, ಹಾಕಿದ ಹಾಗೆ ಕಾಣುವುದಿಲ್ಲ. ಮುಂದಿನ ತಿಂಗಳು ಹಡಗು ಹತ್ತುತ್ತೇನೆ. ನಡುಗಡಲಲ್ಲಿ ಕೆಲವು ದಿನ ನನ್ನ ಫೋನ್ ಸಿಗದೇ ಇರಬಹುದು. ಆಗ ಅಮ್ಮನಿಗೆ ಧೈರ್ಯ ಹೇಳಲು ಹೋಗಬೇಡಿ, ಸುಮ್ನೆ ಮನೆಗೆ ಹೋಗಿ ಒಂದು ಲೋಟ ಚಹಾ ಕುಡಿದು ಬನ್ನಿ. ಅವಳ ಚಹಾ ಚೆನ್ನಾಗಿರುತ್ತದೆ.