ಪಟಕೆಟ್‌ನಿಂದ ಅಪ್ಪಾಜಿಗೆ

ಪಟಕೆಟ್, ರೋಡ್ ಐಲೆಂಡ್
ಜೂನ್ 2025

ಅಪ್ಪಾಜಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚುವುದನ್ನು ಬಿಡಬಾರದು ಅಂತ ಹೇಳಿ.

ಹೋದ ವಾರ ಫೋನಿನಲ್ಲಿ ನೀವು, "ಅಲ್ಲಮ್ಮ, ಯಾವುದೋ ಸ್ಟೇಡಿಯಂ ಒಡೆದರೆ ನಿನಗ್ಯಾಕೆ ಇಷ್ಟು ಬೇಜಾರು?" ಅಂದಿರಿ. ಆಗ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಪಟಕೆಟ್ ನಮ್ಮ ದಾವಣಗೆರೆಯ ಹಾಗೆ ಮಿಲ್ಲಿನ ಊರು. ಸ್ಯಾಮ್ಯುಯೆಲ್ ಸ್ಲೇಟರ್ ಅನ್ನುವವನು ಇಂಗ್ಲೆಂಡಿನ ನೂಲುವ ಯಂತ್ರಗಳ ವಿವರವನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡು ಅಮೆರಿಕಕ್ಕೆ ಬಂದ. ನೀರಿನ ಬಲದಿಂದ ಹತ್ತಿ ನೂಲುವ ಕೆಲಸ ಈ ದೇಶದಲ್ಲಿ ಶುರುವಾಗಿದ್ದು ಈ ಊರಿನಲ್ಲೇ. ಬ್ಲ್ಯಾಕ್‌ಸ್ಟೋನ್ ನದಿಯ ದಂಡೆಯಲ್ಲಿ 1793ರ ಆ ಮಿಲ್ಲು ಈಗಲೂ ನಿಂತಿದೆ. ಮೊದಲ ಸಲ ಅದರ ಒಳಗೆ ಹೋದಾಗ ನನಗೆ ಅಜ್ಜನೇ ನೆನಪಾದರು. ಆಮೇಲೆ ಇಲ್ಲಿನ ಮಿಲ್ಲುಗಳೂ ಒಂದೊಂದಾಗಿ ಮುಚ್ಚಿದವು. ಅದು ಹೇಗಿರುತ್ತದೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ.

ಇಂಥ ಊರಿಗೆ ಒಂದು ಬೇಸ್‌ಬಾಲ್ ತಂಡವಿತ್ತು, ಪಟಕೆಟ್ ರೆಡ್ ಸಾಕ್ಸ್. ಎಲ್ಲರೂ ಪ್ರೀತಿಯಿಂದ 'ಪಾಸಾಕ್ಸ್' ಅನ್ನುತ್ತಿದ್ದರು. ಬಾಸ್ಟನ್‌ನ ದೊಡ್ಡ ತಂಡಕ್ಕೆ ಹುಡುಗರನ್ನು ತಯಾರು ಮಾಡುವ ತಂಡ ಇದು. 1970ರಲ್ಲಿ ಬಂತು. 1973ರಿಂದ ದೊಡ್ಡ ಲೀಗಿಗೆ ಒಂದೇ ಮೆಟ್ಟಿಲು ಕೆಳಗೆ ಆಡಿತು. ರಣಜಿ ಇದ್ದ ಹಾಗೆ ಅಂತ ನೀವು ಅಂದುಕೊಳ್ಳಬಹುದು, ಆದರೆ ಒಂದು ವ್ಯತ್ಯಾಸ ಇದೆ. ರಣಜಿ ತಂಡ ನಮ್ಮ ರಾಜ್ಯದ್ದು. ಇಲ್ಲಿ ಆಟಗಾರರೆಲ್ಲ ಬಾಸ್ಟನ್‌ನವರ ಆಸ್ತಿ. ಚೆನ್ನಾಗಿ ಆಡಿದ ಹುಡುಗನನ್ನು ಸೀಸನ್ ಮಧ್ಯದಲ್ಲೇ ಕರೆದುಕೊಂಡು ಹೋಗುತ್ತಾರೆ. ಊರಿನವರಿಗೆ ಉಳಿಯುವುದು ಆ ಸ್ಟೇಡಿಯಂ ಮತ್ತು "ಅವನನ್ನು ನಾನು ಇಲ್ಲಿ ನೋಡಿದ್ದೆ" ಅನ್ನುವ ಮಾತು ಮಾತ್ರ. ಜಿಮ್ ರೈಸ್, ವೇಡ್ ಬಾಗ್ಸ್ ಅಂಥ ದೊಡ್ಡ ಆಟಗಾರರೆಲ್ಲ ಇಲ್ಲಿಂದಲೇ ಹೋದವರು.

ಆ ಮೆಕಾಯ್ ಸ್ಟೇಡಿಯಂ ಶುರುವಾಗಿದ್ದು 1942ರಲ್ಲಿ. ಮೇಯರ್ ಥಾಮಸ್ ಮೆಕಾಯ್ ಜೌಗು ನೆಲದ ಮೇಲೆ ಕಟ್ಟಿಸಿದ್ದು. ಎಪ್ಪತ್ತರ ದಶಕದ ಕೊನೆಗೆ ತಂಡ ದಿವಾಳಿಯಾಗಿ ಇನ್ನೇನು ಊರು ಬಿಡಬೇಕು ಅನ್ನುವಾಗ, 1977ರಲ್ಲಿ ಬೆನ್ ಮಾಂಡರ್ ಅದನ್ನು ಕೊಂಡರು. ಅವರು ಏನು ಮಾಡುತ್ತಿದ್ದರು ಗೊತ್ತಾ? ಮುಳುಗುತ್ತಿದ್ದ ಬಟ್ಟೆ ಮಿಲ್ಲುಗಳನ್ನು ಕೊಂಡು ಮತ್ತೆ ನಡೆಸುತ್ತಿದ್ದರು! ತಂಡಕ್ಕೂ ಅದನ್ನೇ ಮಾಡಿದರು. ಮಿಲ್ಲಿನ ಕೆಲಸಗಾರ ಹೆಂಡತಿ ಮಕ್ಕಳ ಜೊತೆ ಬಂದು ಆಟ ನೋಡುವಂತಿರಬೇಕು ಅಂತ ಟಿಕೆಟ್ ಬೆಲೆ ಏರದಂತೆ ನೋಡಿಕೊಂಡರು. 2005ರ ಸೀಸನ್ನಿನಲ್ಲಿ 6 ಲಕ್ಷ 80 ಸಾವಿರಕ್ಕೂ ಜಾಸ್ತಿ ಜನ ಬಂದಿದ್ದರು. ಇಡೀ ಊರಿನ ಜನಸಂಖ್ಯೆ ಮುಕ್ಕಾಲು ಲಕ್ಷ ಅಷ್ಟೇ ಅಪ್ಪಾಜಿ.

ಈಗ ನಿಮಗೆ ಇಷ್ಟವಾಗುವ ಕಥೆ ಹೇಳುತ್ತೇನೆ. ಬೇಸ್‌ಬಾಲ್‌ನಲ್ಲಿ ಡ್ರಾ ಇಲ್ಲ. ಒಂಬತ್ತು ಇನ್ನಿಂಗ್ಸ್ ಮುಗಿದಾಗ ಸಮ ಆದರೆ ಹತ್ತನೆಯದು, ಹನ್ನೊಂದನೆಯದು, ಹೀಗೆ ಒಬ್ಬರು ಗೆಲ್ಲುವವರೆಗೂ ಆಡಬೇಕು. 1981ರ ಏಪ್ರಿಲ್ 18, ಈಸ್ಟರ್ ಹಿಂದಿನ ರಾತ್ರಿ. ರಾಚೆಸ್ಟರ್ ತಂಡದ ಮೇಲೆ ಆಟ. 1,740 ಜನ ಇದ್ದರು. ಒಂಬತ್ತನೆಯದಕ್ಕೆ 1-1. ಇಪ್ಪತ್ತೊಂದನೆಯದರಲ್ಲಿ ರಾಚೆಸ್ಟರ್ ಒಂದು ರನ್ ಮುಂದೆ ಹೋಯಿತು. ಬಾಗ್ಸ್ ಹೊಡೆದು ಮತ್ತೆ ಸಮ ಮಾಡಿದ! ಮೈ ಕೊರೆಯುವ ಚಳಿ. ಆಟಗಾರರು ಮುರಿದ ಬ್ಯಾಟುಗಳನ್ನು ಡ್ರಮ್ಮಿನಲ್ಲಿ ಹಾಕಿ ಬೆಂಕಿ ಕಾಯಿಸಿಕೊಂಡರಂತೆ. ರಾತ್ರಿ ಇಂತಿಷ್ಟು ಹೊತ್ತಿಗೆ ಆಟ ನಿಲ್ಲಿಸಬೇಕು ಅನ್ನುವ ನಿಯಮ ಆ ವರ್ಷ ಅಂಪೈರ್‌ಗಳ ಕೈಯಲ್ಲಿದ್ದ ಪುಸ್ತಕದಲ್ಲಿ ಬಿಟ್ಟುಹೋಗಿತ್ತು, ಅದಕ್ಕೇ ಅವರು ನಿಲ್ಲಿಸಲಿಲ್ಲ. ಕೊನೆಗೆ ಲೀಗಿನ ಅಧ್ಯಕ್ಷರು ಫೋನಿನಲ್ಲಿ ಸಿಕ್ಕಿ, ಬೆಳಗಿನ ಜಾವ 4 ಗಂಟೆ 7 ನಿಮಿಷಕ್ಕೆ ನಿಲ್ಲಿಸಿದರು. 32 ಇನ್ನಿಂಗ್ಸ್, 2-2. ಅಷ್ಟು ಹೊತ್ತಿಗೆ ಉಳಿದಿದ್ದ ಪ್ರೇಕ್ಷಕರು 19 ಮಂದಿ.

ಜೂನ್ 23ಕ್ಕೆ ಮತ್ತೆ ಅಲ್ಲಿಂದಲೇ ಶುರು. ಈ ಸಲ ಸ್ಟೇಡಿಯಂ ತುಂಬಿತ್ತು. 18 ನಿಮಿಷ ಅಷ್ಟೇ. ಡೇವ್ ಕೋಝಾ ಒಂದು ಹೊಡೆತ ಹೊಡೆದ, ಪಟಕೆಟ್ ಗೆದ್ದಿತು. ಒಟ್ಟು 33 ಇನ್ನಿಂಗ್ಸ್, 8 ಗಂಟೆ 25 ನಿಮಿಷ. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಇದಕ್ಕಿಂತ ಉದ್ದದ ಆಟ ಇಲ್ಲ. ಅವತ್ತು ಆಡಿದವರಲ್ಲಿ ಬಾಗ್ಸ್ ಮತ್ತು ರಾಚೆಸ್ಟರ್‌ನ ಕ್ಯಾಲ್ ರಿಪ್ಕನ್ ಮುಂದೆ ಇಡೀ ದೇಶಕ್ಕೆ ಹೆಸರಾದರು. ಗೆಲ್ಲಿಸಿದ ಕೋಝಾಗೆ ಮಾತ್ರ ದೊಡ್ಡ ಲೀಗಿನಲ್ಲಿ ಒಂದು ಆಟವೂ ಸಿಗಲಿಲ್ಲ. ನನಗೆ ಅವನ ಮೇಲೇ ಜಾಸ್ತಿ ಪ್ರೀತಿ.

ಮಾಂಡರ್ 2010ರಲ್ಲಿ ತೀರಿಕೊಂಡರು. 2015ರಲ್ಲಿ ತಂಡ ಬೇರೆಯವರ ಕೈಗೆ ಹೋಯಿತು. ಹೊಸ ಸ್ಟೇಡಿಯಂ ಬೇಕು ಅಂದರು, ದುಡ್ಡು ಯಾರು ಹಾಕಬೇಕು ಅಂತ ಮೂರು ವರ್ಷ ಎಳೆದಾಡಿ, ಪಕ್ಕದ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಊರಿಗೆ ಹೋಗುತ್ತೇವೆ ಅಂತ 2018ರಲ್ಲಿ ಹೇಳಿಬಿಟ್ಟರು. ಬ್ಲ್ಯಾಕ್‌ಸ್ಟೋನ್ ನದಿ ವುಸ್ಟರ್‌ನಲ್ಲಿ ಹುಟ್ಟಿ ಪಟಕೆಟ್‌ಗೆ ಹರಿದು ಬರುತ್ತದೆ. ತಂಡ ಅದೇ ನದಿಯ ಮೇಲಕ್ಕೆ ಹೋಯಿತು. 2020 ಕೊನೆಯ ಸೀಸನ್ ಆಗಬೇಕಿತ್ತು. ಕೋವಿಡ್ ಬಂದು ಒಂದು ಆಟವೂ ನಡೆಯಲಿಲ್ಲ. ಊರಿನವರಿಗೆ ಚಪ್ಪಾಳೆ ತಟ್ಟಿ ಕಳಿಸಿಕೊಡುವ ಅವಕಾಶವೂ ಸಿಗಲಿಲ್ಲ ಅಪ್ಪಾಜಿ. ಅದೇ ನನಗೆ ತಡೆಯಲು ಆಗದೇ ಇರುವುದು.

ಈ ವರ್ಷ ಸ್ಟೇಡಿಯಂ ಒಡೆದರು. ಅಲ್ಲಿ ಹೈಸ್ಕೂಲು ಕಟ್ಟುತ್ತಾರೆ. ಒಳ್ಳೆಯದೇ, ಮಕ್ಕಳು ಅಲ್ಲೇ ಓಡಾಡಿಕೊಂಡು ಇರುತ್ತಾರೆ. ಆದರೂ ಬೇಲಿ ಆಚೆ ಇಟ್ಟಿಗೆ, ಕಬ್ಬಿಣದ ರಾಶಿ ನೋಡಿದಾಗ ನೀವು ಮಿಲ್ಲಿನ ಗೇಟಿನ ಮುಂದೆ ಸೈಕಲ್ ನಿಲ್ಲಿಸಿ ಸುಮ್ನೆ ನೋಡುತ್ತಾ ನಿಂತಿದ್ದು ನೆನಪಾಯಿತು. ಅಜ್ಜ ಕೆಲಸ ಮಾಡಿದ ಜಾಗ ಅದು. ನಾನು ಚಿಕ್ಕವಳು, ಹಿಂದಿನ ಸೀಟಿನಲ್ಲಿ ಕೂತು "ಹೋಗೋಣ ಬನ್ನಿ" ಅಂತ ಹಟ ಮಾಡಿದ್ದೆ.

ಇನ್ನೊಂದು ಹೇಳಬೇಕು. ಮೆಕಾಯ್‌ನಲ್ಲಿ ಆಟಗಾರರು ಕೂರುವ ಜಾಗ ಪ್ರೇಕ್ಷಕರ ಸೀಟಿನ ಕೆಳಗೇ ಇತ್ತು. ಹಾಗಾಗಿ ಮಕ್ಕಳು ಹಾಲಿನ ಪ್ಲಾಸ್ಟಿಕ್ ಕ್ಯಾನು ಕತ್ತರಿಸಿ, ಚೆಂಡು, ಪೆನ್ನು ಇಟ್ಟು, ದಾರ ಕಟ್ಟಿ ಮೇಲಿನಿಂದ ಇಳಿಬಿಡುತ್ತಿದ್ದರು. ಬಾವಿಗೆ ಕೊಡ ಬಿಟ್ಟ ಹಾಗೆ. ಕೆಳಗಿನಿಂದ ಯಾರೋ ಸಹಿ ಹಾಕಿ ದಾರ ಜಗ್ಗುತ್ತಿದ್ದರು. 2019ರಲ್ಲಿ ಪುಟ್ಟನೂ ಬಿಟ್ಟಿದ್ದ. ಆ ಕ್ಯಾನು, ಚೆಂಡು ಎರಡೂ ಅವನ ಕಪಾಟಿನಲ್ಲಿವೆ. ದೀಪಾವಳಿಗೆ ಬರುವಾಗ ನಿಮಗೆ ತೋರಿಸಲು ತರುತ್ತಾನಂತೆ.

ಅಟ್ಟದ ಮೇಲೆ ಅಜ್ಜನ ಮಿಲ್ಲಿನ ಬಾಬಿನ್ ಇದೆಯಲ್ಲ, ಮನೆ ಸುಣ್ಣ ಬಳಿಸುವಾಗ ಅದನ್ನು ಹಳೇ ಸಾಮಾನಿನ ಜೊತೆ ಹಾಕಬೇಡಿ. ಪುಟ್ಟನಿಗೆ ಬೇಕು.

ನಿಮ್ಮ ಮಗಳು