ಫಿಟ್ಟಿಂಗ್‌ಗೆ ಬರೋ ಮುಂಚೆ ಎಲ್ರೂ ಇದನ್ನ ಓದ್ಕೊಳ್ಳಿ
ಎಲ್ರಿಗೂ ನಮಸ್ಕಾರ, ನಾಳೆ ಕಾಸ್ಟ್ಯೂಮ್ ಫಿಟ್ಟಿಂಗ್‌ಗೆ ಬರುವಾಗ ಸ್ಟೇಜ್ ಮೇಲೆ ಹಾಕೋ ಶೂನೇ ತನ್ನಿ, ಚಪ್ಪಲೀಲಿ ಬಂದ್ರೆ ಲಂಗದ ಅಂಚು ಎಲ್ಲಿಗೆ ಮಡಚ್ಬೇಕು ಅಂತ ಗೊತ್ತಾಗಲ್ಲ. ಬಂದು ಕಂಬದ ಥರ ನಿಂತ್ಕೋಬೇಡಿ, ಕೈ ಪೂರ್ತಿ ಮೇಲೆತ್ತಿ, ಕೂತ್ಕೊಳ್ಳಿ, ನಿಮ್ಮ ಹಾಡಲ್ಲಿ ಇರೋ ಅತಿ ಉದ್ದದ ಸಾಲನ್ನ ಒಂದೇ ಉಸಿರಲ್ಲಿ ಹಾಡಿ ನೋಡಿ, ಯಾಕಂದ್ರೆ ಹೊಟ್ಟೆ ಒಳಗೆಳ್ಕೊಂಡು ಅಳತೆ ಕೊಟ್ಟೋರು ಹಾಡೋಕೆ ಉಸಿರು ತಗೊಂಡ ತಕ್ಷಣ ಹುಕ್ ಪಟ್ ಅಂತ ಕಿತ್ಕೊಂಡು ಹೋಗುತ್ತೆ (ಹೋದ್ಸಲ ಆಗಿದೆ, ಯಾರು ಅಂತ ಹೇಳಲ್ಲ). ತೋಳೆತ್ತಿದ್ರೆ ಇಡೀ ಜಾಕೆಟ್ಟೇ ಮೇಲೆ ಬರ್ತಿದ್ದೋರಿಗೆ ಕಂಕುಳಲ್ಲಿ ವಜ್ರಾಕಾರದ ಒಂದು ಬಟ್ಟೆ ತುಂಡು ಸೇರಿಸಿದೀವಿ, ಈಗ ಸರಿಹೋಗ್ಬೇಕು.

ಮೈಕ್ ಪ್ಯಾಕ್ (ವೈರ್‌ಲೆಸ್ ಮೈಕ್‌ನ ಪುಟ್ಟ ಡಬ್ಬಿ) ಇಡೋ ಜೇಬು ಸೊಂಟದ ಹಿಂದೆ ಇದೆ, ನೆಲದ ಮೇಲೆ ಉರುಳೋ ಡ್ಯಾನ್ಸ್ ಇರೋರು ಈಗ್ಲೇ ಹೇಳಿ, ಜಾಗ ಬದಲಾಯಿಸ್ಬೇಕು.

ಎರಡನೇ ಅಂಕದಲ್ಲಿ 40 ಸೆಕೆಂಡಲ್ಲಿ ಡ್ರೆಸ್ ಚೇಂಜ್ ಇದೆ ಅಲ್ವಾ, ಅದರಲ್ಲಿ ಮುಂದೆ ಕಾಣೋ ಗುಂಡಿಗಳೆಲ್ಲ ಬರೀ ಶೋಗೆ, ಒಳಗಿರೋದು ಟಿಚ್ ಬಟನ್. ವೆಲ್ಕ್ರೋ ಹಾಕಿ ಅಂತ ಕೆಲವರು ಕೇಳ್ತಿದೀರ, ಸ್ಟೇಜ್ ಮೇಲೆ ಮೌನದ ಸೀನ್ ನಡೀವಾಗ ವಿಂಗ್‌ನಲ್ಲಿ (ಸ್ಟೇಜ್ ಪಕ್ಕದ ಮರೇಲಿ) ಅದು ಪರ್ರ್ ಅಂದ್ರೆ ಹೇಗಿರುತ್ತೆ ಯೋಚ್ನೆ ಮಾಡಿ, ಜೊತೆಗೆ ಲೇಸ್‌ಗೂ ಕಚ್ಕೊಳುತ್ತೆ. ಬೇಡ.

ಹಸಿರು ಲಂಗ ಕ್ಯಾನ್ಸಲ್, ಕೆಂಪು ಲೈಟ್ ಬಿದ್ರೆ ಕಪ್ಪಾಗಿ ಕಾಣ್ತಿತ್ತು. ಡ್ರೆಸ್ ಹಾಕ್ಕೊಂಡ್ಮೇಲೆ ನೀರು ಬಿಟ್ಟು ಏನೂ ಬಾಯಿಗೆ ಹಾಕ್ಬೇಡಿ. ಒಳಗೆ ಕಾಟನ್ ಬನಿಯನ್ ಹಾಕ್ಕೊಂಡೇ ಬನ್ನಿ, ಮಣಿ ಕೆಲಸ ಇರೋ ಬಟ್ಟೇನ ದಿನಾ ಒಗೆಯೋಕಾಗಲ್ಲ, ಬೆವರು ಬನಿಯನ್‌ಗೇ ಹೋಗ್ಲಿ.